ಮೂರಂಕಣ

ಮೊದಲು ಹೋದದ್ದು ನನ್ನ ಕುರ್ಚಿ.
ಇಪ್ಪತ್ತೆರಡು ವರ್ಷ ಬೆನ್ನು ಕೊಟ್ಟದ್ದು,
ಮುರಿದ ಕೈಗೆ ದಸ್ತಗೀರ್ ಬೆಸುಗೆ ಹಾಕಿದ್ದು.
"ನಾಳೆಯಿಂದ ನಿಂತೇ ಮಾತಾಡೋಣ ಸಾರ್,
ಹದಿನೈದು ನಿಮಿಷ, ಅಷ್ಟೇ," ಅಂದಳು ಅನಂತಮತಿ,
ಹೊಸ ಮ್ಯಾನೇಜರು, ಶ್ರವಣಬೆಳಗೊಳದ ಕಡೆಯವಳು,
ನನ್ನ ಸರ್ವೀಸಿಗಿಂತ ಬರೀ ಆರು ವರ್ಷ ದೊಡ್ಡವಳು.

ನಿಂತು ಮಾತಾಡುವುದು ಸಾವಿನ ಮನೆಯಲ್ಲಿ,
ಇಲ್ಲವೇ ಸಾಲ ಕೇಳಲು ಬಂದವರು, ಬಾಗಿಲಲ್ಲಿ
ಅಂದುಕೊಂಡೆ. ಅನ್ನಲಿಲ್ಲ.

ಹಾಸನದ ಹೊರಗೆ ತಗಡಿನ ಶೆಡ್ಡು ನಮ್ಮದು.
ಶಿರಾಡಿಯಲ್ಲಿ ಬ್ರೇಕು ಸುಟ್ಟುಕೊಂಡ ಬಸ್ಸು,
ಆಲೂರಿನ ಆಲೂಗಡ್ಡೆ ಲಾರಿ, ಶಾಲೆಯ ವ್ಯಾನು
ಸರ್ಕಾರಿ ಆಸ್ಪತ್ರೆಯ ವರಾಂಡದಂತೆ ಬಂದು ಮಲಗುತ್ತವೆ.
ಯಾವುದಕ್ಕೆ ಎಂದು ಬಿಡುಗಡೆ
ನನ್ನ ಕೆಂಪು ರಟ್ಟಿನ ರಿಜಿಸ್ಟರಿಗೆ ಗೊತ್ತು.
ಮಿಕ್ಕವರು ಕೇಳಬೇಕು.
ಕೇಳಿದರೆ ಹೇಳುತ್ತಿದ್ದೆ, ಒಮ್ಮೊಮ್ಮೆ.

ಗೋಡೆಗೆ ಹಲಗೆ ಬಂತು. ಸೀಮೆಸುಣ್ಣದಲ್ಲಿ ಎರಡು ಗೆರೆ.
ಮಾಡಬೇಕಾದ್ದು, ಮಾಡುತ್ತಿರುವುದು, ಮುಗಿದದ್ದು.
ಮೂರಂಕಣದ ಮನೆ.
ಚೀಟಿಗೊಂದು ಕೆಲಸ, ಹಳದಿ ಚೀಟಿ,
ಅಂಕಣ ದಾಟುತ್ತ ಬಲಕ್ಕೆ ಹೋಗಬೇಕು.
ಮಧ್ಯಾಹ್ನದ ಗಾಳಿಗೆ ಅರ್ಧ ಉದುರಿದವು.
ಲೋಲಾಕ್ಷಿ, ಐಟಿಐ ಮುಗಿಸಿ ಬಂದ ಹುಡುಗಿ,
ಗ್ರೀಸ್ ಹಚ್ಚಿ ಅಂಟಿಸಿದಳು. ಆಮೇಲೆ ಬೀಳಲಿಲ್ಲ.

ಮೊದಲ ವಾರ ಎಲ್ಲರೂ ನನ್ನ ಮುಖ ನೋಡಿ ಮಾತಾಡಿದರು.
ಎರಡನೆಯ ವಾರ ನನ್ನನ್ನು ಹಿಂದಿನ ಸಾಲಿಗೆ ಕರೆದು
ಪಕ್ಕದಲ್ಲಿ ತಾನೂ ನಿಂತಳು, ನೆಲ ನೋಡುತ್ತ.
ಮಾತು, ಮಂದೆ ತಪ್ಪಿದ ಕುರಿ, ಸುತ್ತಿ ಸುತ್ತಿ
ಕೊನೆಗೆ ಒಬ್ಬರಿಂದೊಬ್ಬರಿಗೆ ಹೋಗತೊಡಗಿತು.

ಆ ಗುರುವಾರ ದಸ್ತಗೀರ್ ಕೆಮ್ಮಿದ.
ಹದಿನಾಲ್ಕು ವರ್ಷದಲ್ಲಿ "ಆಯ್ತು ಸಾ" ಬಿಟ್ಟರೆ
ಅವನ ಕಡೆಯಿಂದ ನಾನು ಕೇಳಿದ್ದು ಬೆಸುಗೆಯ ಚಟಚಟ.
"ಗೇರ್‌ಬಾಕ್ಸು ಮೂರು ತಿಂಗಳಿಗೆ ವಾಪಸ್ ಬರ್ತದಲ್ಲ,
ಸೀಲು ಅರ್ಧ ನೂಲು ಸಣ್ಣದು. ಅದಕ್ಕೇ."
ಸ್ಟೋರಿನ ಚಿಕ್ಕಲಿಂಗಯ್ಯ ತಲೆಯಾಡಿಸಿದ:
"ಗೊತ್ತಿತ್ತು."
ಗೊತ್ತಿದ್ದೂ ಯಾಕಯ್ಯ ಹೇಳಲಿಲ್ಲ, ನಾನು ಗುಡುಗಿದೆ.
ಶೆಡ್ಡು ಸುಮ್ಮನಾಯಿತು. ಕಂಪ್ರೆಸರು ಗೊರಕೆ ಹೊಡೆಯಿತು.
"ಯಾರಿಗೆ ಹೇಳೋದು ಸಾ."
ಕೊನೆಯಲ್ಲಿ ಪ್ರಶ್ನೆಯ ಏರು ಇರಲಿಲ್ಲ.

ಸಂಜೆ ಬೀಗ ಹಾಕುವ ಮುಂಚೆ ಹಲಗೆಯ ಮುಂದೆ ನಿಂತೆ.
ಎಡಕ್ಕೆ ನಾಲ್ಕು ಚೀಟಿ, ಬಲಕ್ಕೆ ಆರು.
ನಡು ಅಂಕಣದಲ್ಲಿ ಹನ್ನೊಂದು, ಒಂದರ ಮೇಲೊಂದು,
ಮದುವೆ ಮನೆಯ ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳು.
ಮೂಲೆಯಲ್ಲಿ ಲೋಲಾಕ್ಷಿಯ ದುಂಡು ಅಕ್ಷರ:
ಹೊಂಬೇಗೌಡರ ಸಹಿಗೆ ಕಾದಿದೆ.
ಹೊಂಬೇಗೌಡರ ಸಹಿಗೆ.
ಹೊಂ. ಸಹಿ.
ಬರೆದು ಬೇಸತ್ತು, ಕೊನೆಯ ಚೀಟಿಯಲ್ಲಿ
ಹೆಸರಿನ ಸೊನ್ನೆಯಷ್ಟೇ ಉಳಿದಿತ್ತು.

ಎಂಜಿನ್ ಅಂದುಕೊಂಡಿದ್ದೆ ನನ್ನನ್ನು ನಾನು,
ಕಡೇಪಕ್ಷ ಸ್ಟೇರಿಂಗು.
ಎಳೆದು, ಬಿಡಲು ಮರೆತ ಹ್ಯಾಂಡ್‌ಬ್ರೇಕು.
ಹಾಗೇ ಓಡುತ್ತಿತ್ತು ಇಡೀ ಶೆಡ್ಡು,
ಸುಟ್ಟ ವಾಸನೆ ಯಾವ ಗಾಡಿಯದೋ ಎಂದು
ಮೂಗು ಮುಚ್ಚಿಕೊಂಡಿದ್ದೆ.

ಬೆಳಿಗ್ಗೆ ಏಳು ಚೀಟಿ ಕಿತ್ತು ಅವರವರ ಕೈಗಿಟ್ಟೆ.
ಇವಕ್ಕೆ ನನ್ನ ಸಹಿ ಬೇಡ, ನೀವೇ ನೋಡಿಕೊಳ್ಳಿ.
ನಾಲ್ಕನ್ನು ಬಿಡಲಾಗಲಿಲ್ಲ. ಇಟ್ಟುಕೊಂಡೆ.
ಚಿಕ್ಕಲಿಂಗಯ್ಯ ಸೀಲಿಗೆ ತಾನೇ ಫೋನು ಮಾಡಿದ,
ಸಿಕ್ಕಾಪಟ್ಟೆ ಜೋರು ದನಿಯಲ್ಲಿ,
ನನಗೆ ಕೇಳಲಿ ಅಂತಲೋ ಏನೋ.

ಹದಿನೈದು ದಿನಕ್ಕೊಂದು ಶನಿವಾರ
ಟೀ ಕುಡಿಯುತ್ತ, ಎಲ್ಲಿ ಎಡವಿದೆವು ಎಂಬ ಮಾತು.
ಬೈಗುಳದ ಸಭೆ ಎಂದು ಹಲ್ಲು ಕಚ್ಚಿ ಹೋದೆ.
ಅವಳೇ ಮೊದಲು: "ಶಾಲೆಯ ವ್ಯಾನಿಗೆ ದಿನ ಕೊಟ್ಟವಳು ನಾನು,
ನಿಮ್ಮನ್ನು ಕೇಳದೆ. ಮಕ್ಕಳು ಎರಡು ದಿನ ನಡೆದರು."
ಅಷ್ಟು ಹೇಳಿ ಬಿಸ್ಕತ್ತು ಟೀಯಲ್ಲಿ ಅದ್ದಿದಳು. ಮುರಿದು ಬಿತ್ತು.
ಅಪ್ರೆಂಟಿಸ್ ಹುಡುಗರು ನಕ್ಕರು. ಅವಳೂ.
ಮೇಲಿನವರು ತಪ್ಪು ಒಪ್ಪಿದ್ದು ನಾನು ನೋಡಿದ್ದು ಅಂದೇ.
ನನ್ನ ಬಾಯಿ ತೆರೆಯಿತು, ಮುಚ್ಚಿತು.
ಮುಂದಿನ ಶನಿವಾರ, ನೋಡೋಣ.

ಕುರ್ಚಿ ಈಗ ಗೇಟಿನ ಹತ್ತಿರ ಇದೆ.
ಸಕಲೇಶಪುರದಿಂದ ಬಂದ ಡ್ರೈವರುಗಳು ಕೂತು ತೂಕಡಿಸುತ್ತಾರೆ.
ಹೋಗುತ್ತ ಬರುತ್ತ ಅದರ ಬೆನ್ನು ಮುಟ್ಟುತ್ತೇನೆ.

ಹಳದಿ ಚೀಟಿ ಮುಗಿದ ದಿನ
ರಿಜಿಸ್ಟರಿನ ಖಾಲಿ ಹಾಳೆಗಳನ್ನು
ಸ್ಕೇಲಿಟ್ಟು ನಾನೇ ಕತ್ತರಿಸಿ ಕೊಟ್ಟೆ ಲೋಲಾಕ್ಷಿಗೆ.
ಬರೆದ ಹಾಳೆಗಳು ನನ್ನ ಹತ್ತಿರವೇ ಇವೆ.
ಇನ್ನೂ.